ಹೊರಟ ಮೇಲೆ ಹಿಂದಿರುಗದ ಸಂತ ಜೋಸೆಫ್ ವಾಜ್

ಜನವರಿ 16 ಬಂತೆಂದರೆ ನಮ್ಮ ಕರಾವಳಿಯ ಇಗರ್ಜಿಗಳಲ್ಲಿ ಸಂತ ಜೋಸೆಫ್ ವಾಜ್ ಅವರ ಹೆಸರು ಕೇಳಿಬರುತ್ತದೆ. ಮುಡಿಪು ಗುಡ್ಡ ಹತ್ತಿ ಅಲ್ಲಿಯ ನೀರನ್ನು ಹಣೆಗೆ ಹಚ್ಚಿಕೊಂಡು ಬಂದವರು ನಮ್ಮಲ್ಲಿ ಬಹಳ ಮಂದಿ. ಅವರು ಮೊಣಕಾಲೂರಿ ಪ್ರಾರ್ಥಿಸಿದ ಜಾಗದಲ್ಲಿ ನೀರು ಚಿಮ್ಮಿತೆಂಬ ಪ್ರತೀತಿಯನ್ನು ನಾವು ಚಿಕ್ಕಂದಿನಿಂದ ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಆದರೆ ಮುಡಿಪಿನ ಆಚೆಗೆ ಅವರ ಬದುಕು ಎಲ್ಲಿಗೆ ಹೋಯಿತು ಎಂದು ಯಾರಾದರೂ ಕೇಳಿದರೆ, ಸಿಲೋನ್ ಎಂಬ ಒಂದು ಮಾತು ಹೇಳಿ ನಾವು ಸುಮ್ಮನಾಗುತ್ತೇವೆ. ನಿಜ ಹೇಳಬೇಕೆಂದರೆ ನಮ್ಮ ಕೆನರಾ ಪ್ರಾಂತ್ಯವು ಅವರು ತಾವಾಗಿ ಆರಿಸಿಕೊಂಡ ಸ್ಥಳವಾಗಿರಲಿಲ್ಲ. ಅವರು ಕೇಳಿದ್ದು ಸಿಲೋನನ್ನು, ಮೇಲಿನವರು ಕೊಟ್ಟದ್ದು ಕೆನರಾವನ್ನು. ಈ ಒಂದು ಸಂಗತಿಯನ್ನು ಹಿಡಿದುಕೊಂಡು ಅವರ ಜೀವನವನ್ನು ನೋಡೋಣ.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಸಾಲ್ಸೆಟ್ ಪ್ರದೇಶದ ಬೆನಾವ್ಲಿಂನಲ್ಲಿ. ಅದು ತಾಯಿಯ ಊರು. ತಂದೆ ಕ್ರಿಸ್ತೊವಾವ್ ವಾಜ್ ಅವರ ಊರು ಸಾಂಕ್ವಾಳ್, ತಾಯಿಯ ಹೆಸರು ಮರಿಯಾ ದ ಮಿರಾಂದ. ಆರು ಮಕ್ಕಳಲ್ಲಿ ಇವರು ಮೂರನೆಯವರು. ಬೆನಾವ್ಲಿಂನ ಸಂತ ಸ್ನಾನಿಕ ಯೋವಾನ್ನರ ಇಗರ್ಜಿಯಲ್ಲಿ ಜ್ಞಾನಸ್ನಾನವಾಯಿತು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಪೋರ್ಚುಗೀಸ್ ಮತ್ತು ಲ್ಯಾಟಿನ್. ಹಳೆ ಗೋವಾದ ಜೆಸ್ವಿಟರ ಸಂತ ಪೌಲರ ಕಾಲೇಜಿನಲ್ಲಿಯೂ ಡೊಮಿನಿಕನರ ಸಂತ ತೋಮಸ್ ಅಕ್ವಿನಾಸರ ವಿದ್ಯಾಲಯದಲ್ಲಿಯೂ ಓದಿ 1676ರಲ್ಲಿ ಗುರುದೀಕ್ಷೆ ಪಡೆದರು.

ಆ ಕಾಲದ ಗೋವಾದಲ್ಲಿ ಸ್ಥಳೀಯ ಧರ್ಮಗುರುವಿಗೆ ಎಷ್ಟು ಜಾಗವಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಧಾರ್ಮಿಕ ಸಭೆಗಳು ಯುರೋಪಿನವರ ಕೈಯಲ್ಲಿದ್ದವು. ಗೋವಾದ ಯುವಕರನ್ನು ಅವುಗಳಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ. ಎಷ್ಟೇ ಓದಿದರೂ ಎಷ್ಟೇ ಭಕ್ತಿವಂತನಾದರೂ ಇಲ್ಲಿಯ ಗುರು ಎರಡನೆಯ ಸಾಲಿನಲ್ಲಿ ನಿಲ್ಲಬೇಕಾಗಿತ್ತು. ಆದರೂ ಯುವ ಗುರು ಜೋಸೆಫ್ ವಾಜ್ ಅವರ ಪ್ರವಚನಗಳಿಗೆ ಜನ ಸೇರುತ್ತಿದ್ದರು. ಪಾಪನಿವೇದನೆಗೆ ದೊಡ್ಡ ಅಧಿಕಾರಿಗಳೂ ಅವರ ಬಳಿಗೆ ಬರುತ್ತಿದ್ದರು. ಸಾಂಕ್ವಾಳದಲ್ಲಿ ಅವರು ಲ್ಯಾಟಿನ್ ಶಾಲೆಯೊಂದನ್ನು ತೆರೆದರು. ಒಳ್ಳೆಯ ಮನೆತನ, ಒಳ್ಳೆಯ ಹೆಸರು, ಎಲ್ಲವೂ ಇತ್ತು. ಆದರೆ ಗುರುದೀಕ್ಷೆಯಾದ ಕೂಡಲೇ ಅವರು ಪಾದರಕ್ಷೆಗಳನ್ನು ಬಿಟ್ಟು, ಬಡವರಂತೆ ಬರಿಗಾಲಲ್ಲಿ ನಡೆಯಲು ತೊಡಗಿದ್ದರು. 1677ರ ಆಗಸ್ಟ್ 5ರಂದು ಒಂದು ಪತ್ರ ಬರೆದು, ತಾವು ದೇವಮಾತೆ ಮರಿಯಮ್ಮನವರ ಗುಲಾಮನೆಂದು ಸಹಿ ಹಾಕಿದರು. ಮನುಷ್ಯರನ್ನು ಕೊಂಡು ಮಾರುತ್ತಿದ್ದ ಊರಿನಲ್ಲಿ, ಮೇಲ್ಜಾತಿಯ ಮನೆಯಿಂದ ಬಂದ ಗುರುವೊಬ್ಬರು ತಮ್ಮನ್ನು ಗುಲಾಮನೆಂದು ಬರೆದುಕೊಂಡದ್ದು ಸಣ್ಣ ಮಾತಲ್ಲ. ಇಂದು ನಾವು ಆ ಶಬ್ದವನ್ನು ಬರೀ ಭಕ್ತಿಯ ಅಲಂಕಾರವೆಂದು ಓದಿ ಮುಂದೆ ಹೋಗುತ್ತೇವೆ. ಅಂದು ಅದರ ಭಾರ ಬೇರೆಯೇ ಇತ್ತು.

ಆ ದಿನಗಳಲ್ಲೇ ಅವರ ಕಿವಿಗೆ ಸಿಲೋನಿನ ಸುದ್ದಿ ಬಿತ್ತು.

ಸಿಲೋನಿನ ಕರಾವಳಿ ಮೊದಲು ಪೋರ್ಚುಗೀಸರ ಕೈಯಲ್ಲಿತ್ತು. ಫ್ರಾನ್ಸಿಸ್ಕನರು, ಜೆಸ್ವಿಟರು ಮತ್ತಿತರರು ಅಲ್ಲಿ ದೊಡ್ಡ ಕಥೊಲಿಕ ಸಮುದಾಯವನ್ನು ಕಟ್ಟಿದ್ದರು. 1656ರಲ್ಲಿ ಕೊಲಂಬೊ, 1658ರಲ್ಲಿ ಮನ್ನಾರ್ ಮತ್ತು ಜಾಫ್ನಾ ಡಚ್ಚರ ಈಸ್ಟ್ ಇಂಡಿಯಾ ಕಂಪೆನಿಯ ವಶವಾದವು. ಡಚ್ಚರು ಕ್ರೈಸ್ತರೇ, ಆದರೆ ಕಾಲ್ವಿನ್ ಪಂಥದವರು. ಕಥೊಲಿಕರನ್ನು ಅವರು ಪೋರ್ಚುಗಲ್ಲಿನ ಗುಪ್ತ ಬೆಂಬಲಿಗರೆಂದೇ ಕಂಡರು. ಧರ್ಮಗುರುಗಳನ್ನೆಲ್ಲ ಹೊರಗಟ್ಟಿದರು, ಇಗರ್ಜಿಗಳನ್ನು ತಮ್ಮ ಪಂಥದ ಪ್ರಾರ್ಥನಾಲಯಗಳಾಗಿ ಮಾಡಿಕೊಂಡರು. ಕಥೊಲಿಕ ಗುರುವಿಗೆ ಮನೆಯಲ್ಲಿ ಆಶ್ರಯ ಕೊಟ್ಟವರಿಗೆ ಮರಣದಂಡನೆ ಎಂದು ಕಟ್ಟಳೆ ಹೊರಡಿಸಿದರು. ಹೀಗೆ ಸಾವಿರಾರು ಜನ ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ, ಸಾಯುವಾಗ ತೈಲಲೇಪನವೂ ಇಲ್ಲದೆ ಉಳಿದರು. ಈ ಸುದ್ದಿ ಗೋವಾದಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದೂ ಹೋಗುವವರು ಇರಲಿಲ್ಲ.

ಆರ್ಚ್‌ಬಿಷಪರ ಸ್ಥಾನ ಆಗ ತೆರವಾಗಿತ್ತು, ಆಡಳಿತವನ್ನು ಕೆಥೆಡ್ರಲಿನ ಹಿರಿಯ ಗುರುಗಳ ಮಂಡಳಿ ನೋಡಿಕೊಳ್ಳುತ್ತಿತ್ತು. ಜೋಸೆಫ್ ವಾಜ್ ಅವರ ಮುಂದೆ ಹೋಗಿ ತಮ್ಮನ್ನು ಸಿಲೋನಿಗೆ ಕಳುಹಿಸಬೇಕೆಂದು ಬೇಡಿಕೊಂಡರು. ಮಂಡಳಿ ಒಪ್ಪಲಿಲ್ಲ. ಅವರಿಗೆ ಕೆನರಾದ ತಲೆನೋವು ದೊಡ್ಡದಾಗಿತ್ತು. ಈ ಭಕ್ತಿವಂತ ಗುರುವೇ ಅದಕ್ಕೆ ಮದ್ದು ಎಂದು ಅವರು ಭಾವಿಸಿದರು. 1681ರಲ್ಲಿ ಜೋಸೆಫ್ ವಾಜ್ ಕೆನರಾ ಮಿಶನಿನ ಮುಖ್ಯಸ್ಥರಾಗಿ ನಮ್ಮ ಕಡೆಗೆ ಬಂದರು. ಆಗ ಅವರಿಗೆ 30 ವರ್ಷ.

ನಮ್ಮ ಹಿರಿಯರ ಆ ಕಾಲದ ಸ್ಥಿತಿಯನ್ನು ಒಂದಿಷ್ಟು ವಿವರವಾಗಿ ಹೇಳುವುದು ಒಳ್ಳೆಯದು, ಏಕೆಂದರೆ ಇದು ನಮ್ಮ ಮನೆಯ ವಿಷಯ. ಕರಾವಳಿ ಕೆಳದಿ ಅರಸರ ಆಡಳಿತದಲ್ಲಿತ್ತು, ರಾಣಿ ಚೆನ್ನಮ್ಮಾಜಿ ಪಟ್ಟದಲ್ಲಿದ್ದರು. ಪೋರ್ಚುಗೀಸರೊಂದಿಗಿನ ಒಪ್ಪಂದಗಳ ಮೂಲಕ ಕೆಲವು ಊರುಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ಸಿಕ್ಕಿತ್ತು. ಹೊರಗಿನಿಂದ ತೊಂದರೆ ಅಷ್ಟಿರಲಿಲ್ಲ. ತೊಂದರೆ ಇದ್ದದ್ದು ಒಳಗೆ. ಪೋರ್ಚುಗಲ್ಲಿನ ಅರಸನಿಗೆ ಪೂರ್ವ ದೇಶಗಳಲ್ಲಿ ಬಿಷಪರನ್ನು ಸೂಚಿಸುವ ಪಾದ್ರುವಾದೊ ಎಂಬ ಹಕ್ಕನ್ನು ಹಿಂದಿನ ಪೋಪರು ಕೊಟ್ಟಿದ್ದರು. ಆದರೆ 1622ರಲ್ಲಿ ರೋಮಿನಲ್ಲಿ ಸ್ಥಾಪನೆಯಾದ ಪ್ರೊಪಗಾಂದ ಫೀದೆ ಎಂಬ ಸಂಸ್ಥೆ ಮಿಶನ್ ಪ್ರದೇಶಗಳಿಗೆ ನೇರವಾಗಿ ಅಪೊಸ್ತೊಲಿಕ್ ವಿಕಾರರನ್ನು ನೇಮಿಸಲು ತೊಡಗಿತು. ಹಾಗೆ ನೇಮಕಗೊಂಡು ಬಂದವರು ಬಿಷಪ್ ತೋಮಸ್ ದ ಕಾಸ್ತ್ರೊ. ಅವರೂ ಗೋವಾದವರೇ, ಥಿಯಾಟಿನ್ ಸಭೆಗೆ ಸೇರಿದವರು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯ ಆರಂಭ ಇವರಿಂದಲೇ ಆದದ್ದು. ಗೋವಾದ ಕಡೆಯ ಗುರುಗಳು ಇವರ ಅಧಿಕಾರವನ್ನು ಒಪ್ಪಲಿಲ್ಲ. ಇವರ ಕಡೆಯವರು ಅವರನ್ನು ಒಪ್ಪಲಿಲ್ಲ. ಯಾರು ಕೊಟ್ಟ ಸಂಸ್ಕಾರ ಸಿಂಧು, ಯಾರು ಮಾಡಿದ ಮದುವೆ ಮದುವೆ ಎಂಬ ಗೊಂದಲದಲ್ಲಿ ಜನ ಎರಡು ಬಣಗಳಾಗಿದ್ದರು. ಎರಡು ಪಂಗಡವಾದ ಊರಿನ ಕಷ್ಟ ಎಂಥದೆಂದು ನಮ್ಮ ಧರ್ಮಕೇಂದ್ರಗಳಲ್ಲಿ ಕೆಲಸ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಂಥಲ್ಲಿಗೆ ಬಂದ ಜೋಸೆಫ್ ವಾಜ್ ಗೋವಾದ ಅಧಿಕಾರದ ಪರವಾಗಿ ಬಂದವರು. ಬಿಷಪರನ್ನು ಅವಮಾನಿಸಿ ಹೊರದಬ್ಬುವುದು ಅವರ ಕಡೆಯವರಿಗೆ ಸಂತೋಷ ತರುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಬಿಷಪರಿಗೆ ಕೊಡಬೇಕಾದ ಗೌರವ ಕೊಟ್ಟರು, ಪ್ರಶ್ನೆಯನ್ನು ರೋಮಿನ ತೀರ್ಮಾನಕ್ಕೆ ಬಿಟ್ಟು ಅಷ್ಟರವರೆಗೆ ಜನರ ಆತ್ಮಗಳಿಗೆ ನಷ್ಟವಾಗದಂತೆ ನೋಡಿಕೊಳ್ಳುವ ದಾರಿ ಹುಡುಕಿದರು. ಜಗಳ ಪೂರ್ತಿ ತೀರಲಿಲ್ಲ, ಅವರ ಕಾಲದ ನಂತರವೂ ಅದು ಬಹುಕಾಲ ಉಳಿಯಿತು. ಆದರೆ ಮೂರು ವರ್ಷಗಳಲ್ಲಿ ಅವರು ಮಾಡಿದ ಉಳಿದ ಕೆಲಸ ಕಡಿಮೆಯದ್ದಲ್ಲ. ಮಂಗಳೂರು, ಕಲ್ಯಾಣಪುರ, ಬಸ್ರೂರು, ಗಂಗೊಳ್ಳಿ ಮುಂತಾದ ಕಡೆಗಳ ಕ್ರೈಸ್ತರ ಬಳಿಗೆ ಕಾಲ್ನಡಿಗೆಯಲ್ಲಿ ಹೋದರು. ಬಿದ್ದುಹೋದ ಇಗರ್ಜಿಗಳನ್ನು ಎಬ್ಬಿಸಿದರು, ಸಣ್ಣ ಶಾಲೆಗಳನ್ನು ನಡೆಸಿದರು, ಭಕ್ತರ ಸಂಘಗಳನ್ನು ಕಟ್ಟಿದರು. ಗುಲಾಮರಾಗಿ ಮಾರಾಟವಾಗಿದ್ದ ಕ್ರೈಸ್ತರನ್ನು ಹಣ ಕೊಟ್ಟು ಬಿಡಿಸಿದರೆಂದೂ ತಿಳಿದುಬರುತ್ತದೆ. ಮಳೆಗಾಲದಲ್ಲಿ ನಮ್ಮ ಹೊಳೆಗಳನ್ನು ದಾಟುವುದೆಂದರೆ ಏನೆಂದು ನಮಗೆ ಗೊತ್ತು. ಆಗ ಸೇತುವೆಗಳಿರಲಿಲ್ಲ.

ಇಷ್ಟೆಲ್ಲ ಮಾಡುವಾಗಲೂ ಅವರ ಮನಸ್ಸು ಸಿಲೋನನ್ನು ಬಿಟ್ಟಿರಲಿಲ್ಲ. ನಮಗೆ ಇದು ಬಹಳ ಮುಖ್ಯವೆನಿಸುತ್ತದೆ. ಕೇಳಿದ್ದು ಸಿಗದಿದ್ದರೆ ಕೊಟ್ಟದ್ದನ್ನು ಅರ್ಧ ಮನಸ್ಸಿನಿಂದ ಮಾಡುವವರನ್ನು ನಾವು ನೋಡಿದ್ದೇವೆ. ಕೊಟ್ಟದ್ದನ್ನು ಚೆನ್ನಾಗಿ ಮಾಡುತ್ತ ಮಾಡುತ್ತ ಮೊದಲಿನ ನಿರ್ಧಾರವನ್ನು ಮರೆತುಬಿಡುವವರನ್ನೂ ನೋಡಿದ್ದೇವೆ. ಜೋಸೆಫ್ ವಾಜ್ ಎರಡನ್ನೂ ಮಾಡಲಿಲ್ಲ.

1684ರಲ್ಲಿ ಅವರು ಗೋವಾಕ್ಕೆ ಮರಳಿದರು. ಅಲ್ಲಿ ಇನ್ನೊಂದು ಕೆಲಸ ಕಾದಿತ್ತು. ಕೆಲವು ಸ್ಥಳೀಯ ಗುರುಗಳು ಒಟ್ಟಾಗಿ ಹಳೆ ಗೋವಾದ ಪವಾಡಗಳ ಪವಿತ್ರ ಶಿಲುಬೆಯ ದೇವಾಲಯದಲ್ಲಿ ಸಮುದಾಯ ಜೀವನ ನಡೆಸತೊಡಗಿದ್ದರು. ಯುರೋಪಿನ ಸಭೆಗಳು ಬಾಗಿಲು ಮುಚ್ಚಿದ್ದರಿಂದ ತಮ್ಮದೇ ಮನೆಯೊಂದನ್ನು ಕಟ್ಟುವ ಪ್ರಯತ್ನ ಅದು. ಜೋಸೆಫ್ ವಾಜ್ ಅವರನ್ನು ಸೇರಿದರು. 1685ರ ಸೆಪ್ಟೆಂಬರ್ 25ರಂದು ಅದು ಸಂತ ಫಿಲಿಪ್ ನೇರಿಯವರ ಮಾದರಿಯ ಓರೆಟರಿಯಾಗಿ ಸ್ಥಾಪನೆಯಾಯಿತು. ಭಾರತೀಯ ಗುರುಗಳದೇ ಆದ ಈ ಮನೆಗೆ ಜೋಸೆಫ್ ವಾಜ್ ಅವರನ್ನೇ ಮುಖ್ಯಸ್ಥರನ್ನಾಗಿ ಆರಿಸಿದರು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಆಗತಾನೇ ಕಣ್ಣುಬಿಟ್ಟ ಸಂಸ್ಥೆ, ಅದರ ಮೇಲೆ ಎಷ್ಟೋ ಜನರ ಆಸೆ, ಅದನ್ನು ನಡೆಸಲು ಯೋಗ್ಯರೆಂದು ಎಲ್ಲರೂ ಒಪ್ಪಿದ ಗುರು. ಯಾರೇ ಆಗಲಿ ಇನ್ನು ಹತ್ತು ವರ್ಷ ಇಲ್ಲಿಯೇ ಇದ್ದು ಇದನ್ನು ಗಟ್ಟಿ ಮಾಡು, ಆಮೇಲೆ ಸಿಲೋನಿನ ಮಾತು ಎನ್ನುತ್ತಿದ್ದರು. ಅದು ತಪ್ಪು ಸಲಹೆಯೂ ಆಗುತ್ತಿರಲಿಲ್ಲ. ಆದರೆ 1686ರಲ್ಲಿ ಜೋಸೆಫ್ ವಾಜ್ ಆ ಹುದ್ದೆಯನ್ನು ಬಿಟ್ಟುಕೊಡಲು ಅನುಮತಿ ಪಡೆದು ಸಿಲೋನಿನ ದಾರಿ ಹಿಡಿದರು. ಬೀಳ್ಕೊಡುಗೆ, ಮೆರವಣಿಗೆ ಯಾವುದೂ ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಹೋಗುವುದು ಡಚ್ಚರ ನಾಡಿಗೆ, ಸುದ್ದಿ ಮೊದಲೇ ಮುಟ್ಟಿದರೆ ಕೆಲಸ ಕೆಟ್ಟಿತು. ಓರೆಟರಿಯನ್ನು ಅವರು ಕೈಬಿಟ್ಟರೆಂದು ಅಂದು ಕೆಲವರಿಗೆ ಅನಿಸಿರಬಹುದು. ಮುಂದೆ ಆ ಮನೆಯೇ ಸಿಲೋನಿಗೆ ಒಬ್ಬರಾದ ಮೇಲೆ ಒಬ್ಬರಂತೆ ಗುರುಗಳನ್ನು ಕಳುಹಿಸಿತು. ಹೊರಡುವಾಗ ಇದು ಅವರಿಗೆ ಖಚಿತವಿರಲಿಲ್ಲ.

ಅವರ ಜೊತೆಗಿದ್ದ ಸೇವಕ ಜುವಾಂವ್ ಎಂಬ ಯುವಕನನ್ನು ಇಲ್ಲಿ ನೆನೆಯದೆ ಹೋಗಬಾರದು. ಕೆನರಾ ಕರಾವಳಿಯುದ್ದಕ್ಕೆ ತೆಂಕಲಿಗೆ ಇಳಿದು, ಕೇರಳ ದಾಟಿ, ತೂತುಕುಡಿ ತಲುಪಲು ವರ್ಷವೇ ಹಿಡಿಯಿತು. ಕೊಚ್ಚಿಯೂ ಕೊಲ್ಲಮ್ಮೂ ತೂತುಕುಡಿಯೂ ಆಗ ಡಚ್ಚರ ಹಿಡಿತದಲ್ಲೇ ಇದ್ದವು. ಹೀಗಾಗಿ ಗುರುಗಳ ನಿಲುವಂಗಿಯನ್ನು ತೆಗೆದಿಟ್ಟು ಕೂಲಿಯಾಳಿನ ಬಟ್ಟೆ ಉಟ್ಟರು. ಬರಿಗಾಲಲ್ಲಿ ನಡೆದು ಒಡೆದ ಪಾದಗಳು ಆಗ ಉಪಯೋಗಕ್ಕೆ ಬಂದವು. ಅವರನ್ನು ನೋಡಿದರೆ ದೊಡ್ಡ ಮನೆಯ ಗುರುವೆಂದು ಯಾರೂ ಹೇಳುವಂತಿರಲಿಲ್ಲ. 1687ರಲ್ಲಿ, ಪಾಸ್ಕ ಹಬ್ಬದ ಹೊತ್ತಿಗೆ, ತೂತುಕುಡಿಯಿಂದ ಹಡಗು ಹತ್ತಿದರು. ಬಲಿಪೂಜೆಗೆ ಬೇಕಾದ ಸಾಮಗ್ರಿಗಳು ಗಂಟಿನೊಳಗೆ ಅಡಗಿದ್ದವು.

ಸಮುದ್ರಯಾನ ಕೆಟ್ಟದಾಗಿತ್ತು. ಜಾಫ್ನಾ ಮುಟ್ಟುವಾಗ ಇಬ್ಬರಿಗೂ ರಕ್ತಭೇದಿ ಹಿಡಿದು ಎದ್ದು ನಿಲ್ಲಲೂ ಶಕ್ತಿಯಿರಲಿಲ್ಲ. ಅಂಟುರೋಗದ ಭಯದಿಂದ ಊರಿನವರು ಅವರನ್ನು ದೂರವಿಟ್ಟರೆಂದೂ, ಬಡ ಹೆಂಗಸೊಬ್ಬಳು ಗಂಜಿ ತಂದುಕೊಟ್ಟು ಬದುಕಿಸಿದಳೆಂದೂ ಅವರ ಚರಿತ್ರೆಕಾರರು ಹೇಳುತ್ತಾರೆ. ಆಕೆಯ ಹೆಸರು ನಮ್ಮವರೆಗೆ ಬಂದಿಲ್ಲ. ಸಿಲೋನಿನ ಧರ್ಮಸಭೆಯ ಪುನರುಜ್ಜೀವನ ಎಂದು ದೊಡ್ಡದಾಗಿ ಕರೆಯುವ ಸಂಗತಿ ಒಂದು ಚಿಪ್ಪು ಗಂಜಿಯಿಂದ ಶುರುವಾಯಿತೆಂದು ನಾವು ಭಾವಿಸಿಕೊಂಡರೆ ತಪ್ಪಾಗಲಾರದು.

ಗುಣವಾದ ಮೇಲೆ ಎದುರಿಗೆ ನಿಂತದ್ದು ಬೇರೊಂದು ಪ್ರಶ್ನೆ. ಕಥೊಲಿಕರು ಯಾರೆಂದು ತಿಳಿಯುವುದು ಹೇಗೆ? ಹೊರಗೆ ಎಲ್ಲರೂ ಡಚ್ಚರ ಪಂಥದವರಂತೆ ಅಥವಾ ಊರಿನ ಇತರರಂತೆ ನಡೆದುಕೊಳ್ಳುತ್ತಿದ್ದರು. ಕೇಳಿದರೆ ಸಿಕ್ಕಿಬೀಳುವ ಭಯ. ಜೋಸೆಫ್ ವಾಜ್ ಕೊರಳಿಗೆ ಜಪಸರ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೊರಟರು. ಅಕ್ಕಿ ಹಾಕುವವರ ಕೈಯನ್ನಲ್ಲ, ಅವರ ಕಣ್ಣು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿದರು. ಜಪಸರ ಕಂಡು ಮುಖ ಬದಲಾದ ಮನೆಗಳನ್ನು ನೆನಪಿಟ್ಟುಕೊಂಡರು. ಹೀಗೆ ಮೊದಲ ಕುಟುಂಬವನ್ನು ಗುರುತಿಸಿ, ನಿಧಾನವಾಗಿ ಮಾತಿಗೆ ತೊಡಗಿ, ಕೊನೆಗೆ ತಾವು ಧರ್ಮಗುರುವೆಂದು ತಿಳಿಸಿದರು. 1658ರಿಂದ 1687ರವರೆಗೆ 29 ವರ್ಷ. ಕೊನೆಯ ಗುರು ಜಾಫ್ನಾ ಬಿಟ್ಟು ಹೋದಾಗ ತೊಟ್ಟಿಲಲ್ಲಿದ್ದ ಮಗು ಈಗ ಮಕ್ಕಳ ತಾಯಿಯಾಗಿದ್ದಳು, ಬಲಿಪೂಜೆ ಎಂದರೆ ಏನೆಂದು ಕೇಳಿ ಮಾತ್ರ ಗೊತ್ತು. ಅಂಥವರಿಗೆ ರಾತ್ರಿಯ ಹೊತ್ತು, ಮುಚ್ಚಿದ ಬಾಗಿಲಿನ ಹಿಂದೆ, ಮೊದಲ ಬಲಿಪೂಜೆ ಅರ್ಪಣೆಯಾಯಿತು.

ಅವರು ತಮಿಳು ಕಲಿತರು. ಹಗಲು ಅಡಗಿರುವುದು, ರಾತ್ರಿ ಹಳ್ಳಿಯಿಂದ ಹಳ್ಳಿಗೆ ನಡೆಯುವುದು. 1689ರಲ್ಲಿ ಕಥೊಲಿಕರು ಹೆಚ್ಚಾಗಿದ್ದ ಸಿಲ್ಲಾಲೈ ಎಂಬ ಹಳ್ಳಿಯನ್ನು ನೆಲೆ ಮಾಡಿಕೊಂಡರು. ಆದರೆ ಇಂಥ ಗುಟ್ಟು ಎಷ್ಟು ದಿನ ನಿಂತೀತು? ಡಚ್ ಅಧಿಕಾರಿಗಳಿಗೆ ವಾಸನೆ ಹತ್ತಿತು. ಕ್ರಿಸ್ಮಸ್ ರಾತ್ರಿಯ ಪೂಜೆಗೆ ಸೇರಿದ್ದ ಜನರ ಮೇಲೆ ಸೈನಿಕರು ಬಿದ್ದರು. ಗುರುಗಳು ಅವರ ಕೈಗೆ ಸಿಗಲಿಲ್ಲ. ಜನ ಸಿಕ್ಕಿದರು. ದಂಡ, ಚಾಟಿಯೇಟು, ಕೋಟೆಯ ಕೆಲಸದಲ್ಲಿ ಬಿಟ್ಟಿ ದುಡಿತ, ಹೀಗೆ ಶಿಕ್ಷೆಯಾಯಿತು. ಆ ಶಿಕ್ಷೆಯಲ್ಲಿ ಪ್ರಾಣ ಬಿಟ್ಟವರೂ ಇದ್ದರು.

ಸಂತರ ಚರಿತ್ರೆ ಓದುವಾಗ ನಾವು ಇಂಥ ಪುಟಗಳನ್ನು ಬೇಗ ಬೇಗ ತಿರುಗಿಸುತ್ತೇವೆ. ಆದರೆ ಜೋಸೆಫ್ ವಾಜ್ ಆ ಪುಟವನ್ನು ತಿರುಗಿಸುವಂತಿರಲಿಲ್ಲ. ತಮ್ಮ ಪ್ರಾಣವನ್ನು ಪಣಕ್ಕಿಡುವುದು ಅವರ ನಿರ್ಧಾರ. ಆದರೆ ತಮ್ಮನ್ನು ಅಡಗಿಸಿಟ್ಟವರು ಬೆನ್ನು ಕೊಟ್ಟು ಹೊಡೆತ ತಿಂದರು. ತಾನು ಬಾರದಿದ್ದರೆ ಇವರು ಸುಖವಾಗಿರುತ್ತಿದ್ದರು ಎಂಬ ಯೋಚನೆ ಬಾರದ ಮನುಷ್ಯ ಯಾರಿದ್ದಾರೆ? ಅವರು ಡಚ್ಚರ ಮುಂದೆ ಹೋಗಿ ಶರಣಾಗಬಹುದಿತ್ತು, ಗೋವಾಕ್ಕೆ ಮರಳಬಹುದಿತ್ತು. ಎರಡರಲ್ಲಿ ಯಾವುದನ್ನು ಮಾಡಿದರೂ ಆ ಜನ ಪುನಃ ಗುರುವಿಲ್ಲದವರಾಗುತ್ತಿದ್ದರು. ಅವರು ಮೂರನೆಯದನ್ನು ಆರಿಸಿದರು. 1690ರಲ್ಲಿ ಜಾಫ್ನಾ ಬಿಟ್ಟು ಪುತ್ತಳಂಗೆ ಹೋದರು, ಅದು ಡಚ್ಚರದ್ದಲ್ಲ, ಕ್ಯಾಂಡಿ ಅರಸನ ನಾಡು. ಅಲ್ಲಿ ಒಂದು ವರ್ಷ ಬಹಿರಂಗವಾಗಿಯೇ ಕೆಲಸ ಮಾಡಿ, 1692ರಲ್ಲಿ ಬೆಟ್ಟದ ಮೇಲಿನ ರಾಜಧಾನಿ ಕ್ಯಾಂಡಿಯ ಕಡೆಗೆ ನಡೆದರು. ಇದು ಸರಿಯೋ ತಪ್ಪೋ ಎಂದು ತೀರ್ಪು ಕೊಡಲು ನಾವು ಯಾರು? ಜಾಫ್ನಾದ ಆ ಜನ ಮುಂದೆಯೂ ಅವರಿಗೆ ಬಾಗಿಲು ತೆರೆದರು ಎಂಬುದಷ್ಟೇ ನಮಗೆ ಗೊತ್ತಿರುವುದು.

ಕ್ಯಾಂಡಿಯಲ್ಲಿ ಸ್ವಾಗತ ಸಿಕ್ಕಿದ್ದು ಸೆರೆಮನೆಯಲ್ಲಿ. ಅರಸನ ಆಸ್ಥಾನದಲ್ಲಿದ್ದ ಫ್ರೆಂಚ್ ಪ್ರೊಟೆಸ್ಟಂಟ್ ಒಬ್ಬ ಇವರು ಪೋರ್ಚುಗೀಸರ ಗೂಢಚಾರರೆಂದು ದೂರು ಕೊಟ್ಟಿದ್ದ. ಜೋಸೆಫ್ ವಾಜ್ ಮತ್ತು ಅವರ ಜೊತೆಗಾರರನ್ನು ಹಿಡಿದು ಹಾಕಿದರು. ಸೆರೆಯಲ್ಲಿ ಕುಳಿತು ಅವರು ಸಿಂಹಳ ಭಾಷೆ ಕಲಿತರು. ಕಾವಲು ಸ್ವಲ್ಪ ಸಡಿಲವಾದ ಕೂಡಲೇ ಸಣ್ಣದೊಂದು ಗುಡಿಸಲನ್ನು ಪೂಜಾಸ್ಥಳ ಮಾಡಿಕೊಂಡರು. ಕ್ಯಾಂಡಿಯಲ್ಲಿ ಹಿಂದಿನ ಯುದ್ಧಗಳಲ್ಲಿ ಸೆರೆಯಾಗಿ ಬಂದು ನೆಲೆಸಿದ ಪೋರ್ಚುಗೀಸ್ ಮೂಲದ ಕಥೊಲಿಕರಿದ್ದರು. ಅವರು ಒಬ್ಬೊಬ್ಬರಾಗಿ ಬರತೊಡಗಿದರು. ಬೇಹುಗಾರನಾದರೆ ಇಷ್ಟು ಹೊತ್ತಿಗೆ ಓಡಿಹೋಗಲು ನೋಡುತ್ತಿದ್ದ. ಈತ ಉಳಿಯಲು ನೋಡುತ್ತಿದ್ದಾನೆಂದು ಅರಸನಿಗೂ ಕ್ರಮೇಣ ಕಂಡಿರಬೇಕು.

ಅರಸ ಎರಡನೇ ವಿಮಲಧರ್ಮಸೂರ್ಯ ಶ್ರದ್ಧಾವಂತ ಬೌದ್ಧ. ಬುದ್ಧನ ದಂತ ಮಂದಿರವನ್ನು ಕಟ್ಟಿಸಿದವನು, ಭಿಕ್ಷು ದೀಕ್ಷೆಯ ಪರಂಪರೆಯನ್ನು ಪುನಃ ನಿಲ್ಲಿಸಲು ಅರಾಕಾನಿನಿಂದ ಭಿಕ್ಷುಗಳನ್ನು ಕರೆಸಿದವನು. ಅವನ ನಾಡಿನಲ್ಲಿ ಮಳೆ ಬಾರದೆ ಬರಗಾಲ ಬಂದಾಗ ಜೋಸೆಫ್ ವಾಜ್ ಅವರಿಗೂ ಪ್ರಾರ್ಥಿಸಲು ಹೇಳಿದನೆಂದೂ, ಅವರು ಚೌಕದಲ್ಲಿ ಶಿಲುಬೆ ನೆಟ್ಟು ಪ್ರಾರ್ಥಿಸಿದಾಗ ಮಳೆ ಸುರಿಯಿತೆಂದೂ ಪರಂಪರೆ ಹೇಳುತ್ತದೆ. ಅದರ ನಂತರ ಅವರಿಗೆ ರಾಜ್ಯದಲ್ಲಿ ತಿರುಗಾಡುವ ಸ್ವಾತಂತ್ರ್ಯ ಸಿಕ್ಕಿತು. ಕ್ರೈಸ್ತ ಕಂಪೆನಿ ಬೇಟೆಯಾಡುತ್ತಿದ್ದ ಕ್ರೈಸ್ತ ಗುರುವಿಗೆ ಬೌದ್ಧ ಅರಸ ನೆರಳು ಕೊಟ್ಟ. ನಮ್ಮಲ್ಲಿ ಮಿಲಾಗ್ರಿಸಿಗೆ ಜಾಗ ಕೊಟ್ಟವರು ಕೆಳದಿಯ ಲಿಂಗಾಯತ ಅರಸುಮನೆಯವರು ಎಂಬ ಮಾತು ಇಲ್ಲಿ ನೆನಪಾಗುತ್ತದೆ.

ಒಂಬತ್ತು, ಹತ್ತು ವರ್ಷ ಇಡೀ ದ್ವೀಪಕ್ಕೆ ಅವರೊಬ್ಬರೇ ಗುರು. 1697ರ ಹೊತ್ತಿಗೆ ಗೋವಾದ ಓರೆಟರಿಯಿಂದ ಮೂವರು ಗುರುಗಳು ಬಂದರು. ಅವರಲ್ಲಿ ಒಬ್ಬರು ಜೋಸೆಫ್ ವಾಜ್ ಅವರ ಸೋದರಳಿಯ ಜೋಸೆಫ್ ಕಾರ್ವಾಲೊ. ಕೊಚ್ಚಿಯ ಬಿಷಪರು ಜೋಸೆಫ್ ವಾಜ್ ಅವರನ್ನು ಸಿಲೋನಿನ ವಿಕಾರ್ ಜನರಲ್ ಆಗಿ ನೇಮಿಸಿದ್ದಾರೆಂಬ ಸುದ್ದಿಯನ್ನೂ ಅವರು ತಂದರು. ಇಷ್ಟು ವರ್ಷಗಳ ನಂತರ ಗೋವಾದ ಕೊಂಕಣಿ ಕಿವಿಗೆ ಬಿದ್ದಾಗ ಅವರಿಗೆ ಹೇಗಾಗಿರಬಹುದೆಂದು ಪರವೂರಿನಲ್ಲಿ ದುಡಿಯುವ ನಮ್ಮ ಜನ ಊಹಿಸಬಲ್ಲರು.

ಅದೇ ವರ್ಷ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಅರಸನೂ ದೊಡ್ಡವರೂ ನಗರ ಬಿಟ್ಟರು. ರೋಗಿಗಳನ್ನು ಮನೆಯವರೇ ಕಾಡಿನಲ್ಲಿ ಬಿಟ್ಟುಬರುತ್ತಿದ್ದರು. ಮಾವ, ಅಳಿಯ ಇಬ್ಬರೂ ಅಂಥವರನ್ನು ಎತ್ತಿ ತಂದು, ಬಿಟ್ಟುಹೋದ ಮನೆಗಳಲ್ಲಿ ಮಲಗಿಸಿ, ತೊಳೆದು, ಉಣಿಸಿದರು. ಸತ್ತವರನ್ನು ಹೂಳಿದರು. ಯಾವ ಮತದವರೆಂದು ಕೇಳಲಿಲ್ಲ. ಅವರಿಬ್ಬರಿಗೂ ರೋಗ ತಗಲಲಿಲ್ಲ. ಇದಾದ ಮೇಲೆ ಕ್ಯಾಂಡಿಯಲ್ಲಿ ಅವರನ್ನು ಗೂಢಚಾರರೆಂದು ಕರೆಯುವ ಧೈರ್ಯ ಯಾರಿಗೂ ಉಳಿದಂತಿಲ್ಲ.

ನಂತರದ ವರ್ಷಗಳು ನಡಿಗೆಯ ವರ್ಷಗಳು. ಕೊಲಂಬೊ, ನೆಗೊಂಬೊ, ಪುತ್ತಳಂ, ಟ್ರಿಂಕೊಮಲಿ, ಬಟ್ಟಿಕಲೊವಾ. ಡಚ್ಚರ ನಾಡಿಗೆ ಹೋಗುವಾಗ ಪುನಃ ವೇಷ, ಪುನಃ ರಾತ್ರಿ. 1705ರಲ್ಲಿ ಇನ್ನಷ್ಟು ಗುರುಗಳು ಬಂದ ಮೇಲೆ ಮಿಶನನ್ನು ಎಂಟು ಜಿಲ್ಲೆಗಳಾಗಿ ಹಂಚಿ ಒಬ್ಬೊಬ್ಬರಿಗೆ ಒಂದೊಂದು ವಹಿಸಿದರು. ಆದರೂ ಒಬ್ಬ ಗುರು ಒಂದು ಊರಿಗೆ ವರ್ಷಕ್ಕೊಮ್ಮೆ ಹೋದರೆ ದೊಡ್ಡದು. ಉಳಿದ ದಿನ ನಂಬಿಕೆಯನ್ನು ಕಾಯುತ್ತಿದ್ದವರು ಊರಿನ ಹಿರಿಯರು. ಮೂಪ್ಪರೆಂದೂ ಅಣ್ಣಾವಿಗಳೆಂದೂ ಕರೆಯುವ ಈ ಜನ ಭಾನುವಾರದ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಧರ್ಮೋಪದೇಶ ಕಲಿಸುವುದು, ಸಾಯುವವರ ಬಳಿ ಕುಳಿತು ಜಪ ಹೇಳುವುದು ಎಲ್ಲವನ್ನೂ ಮಾಡುತ್ತಿದ್ದರು. ನಮ್ಮ ಗುರಿಕಾರರಿಗೆ ಇದು ಪರಿಚಿತ ಕೆಲಸ. ಧರ್ಮಗುರು ಸಿಕ್ಕಿಬಿದ್ದರೂ ಸಮುದಾಯ ನಿಲ್ಲಬೇಕು ಎಂಬ ಲೆಕ್ಕ ಜೋಸೆಫ್ ವಾಜ್ ಅವರದು. ಜಾಫ್ನಾದ ಆ ಕ್ರಿಸ್ಮಸ್ ರಾತ್ರಿ ಅವರಿಗೆ ಇದನ್ನು ಕಲಿಸಿತೆಂದು ನಾವು ನಂಬುತ್ತೇವೆ.

1705ರಲ್ಲಿ ಬಂದವರಲ್ಲಿ ಗೋವಾದ ದಿವಾಡಿ ದ್ವೀಪದ ಜಾಕೊಮ್ ಗೊನ್ಸಾಲ್ವಿಸ್ ಎಂಬ ಯುವ ಗುರುವಿದ್ದರು. ಜೋಸೆಫ್ ವಾಜ್ ಅವರಿಗೆ ಸಿಂಹಳ ಮತ್ತು ತಮಿಳಿನಲ್ಲಿ ಬರೆಯುವ ಕೆಲಸ ಹಚ್ಚಿದರು. ಮುಂದೆ ಅವರು ಸಿಂಹಳ ಕಥೊಲಿಕ ಸಾಹಿತ್ಯಕ್ಕೆ ಅಡಿಪಾಯ ಹಾಕಿದವರೆಂದು ಹೆಸರಾದರು, ಅವರ ಬಗ್ಗೆ ಬೇರೆಯೇ ಬರೆಯಬೇಕು.

ಈ ನಡುವೆ ಜೋಸೆಫ್ ವಾಜ್ ಅವರನ್ನು ಬಿಷಪರನ್ನಾಗಿ ಮಾಡುವ ಮಾತು ಬಂತು. ಪೋಪರ ಪ್ರತಿನಿಧಿಯಾಗಿ ಪೂರ್ವ ದೇಶಗಳಿಗೆ ಬಂದಿದ್ದ ಮೋನ್ಸಿಂಜೊರ್ ದ ತೂರ್ನೊನ್ ಅವರಿಗೆ ಸಿಲೋನಿನ ಕೆಲಸದ ವರದಿ ಮುಟ್ಟಿತ್ತು. ಸ್ಥಳೀಯ ಗುರುವಿಗೆ ಅಂಥ ಗೌರವ ಸಿಗುವುದು ಅಪರೂಪವಾಗಿದ್ದ ಕಾಲ ಅದು. ಒಪ್ಪಿಕೊಂಡಿದ್ದರೆ ಗೋವಾದ ಎಷ್ಟೋ ಜನರಿಗೆ ತಲೆ ಎತ್ತಿ ನಡೆಯುವ ಸಂತೋಷ ಸಿಗುತ್ತಿತ್ತು. ಅವರು ಬೇಡವೆಂದರು. ಕೆನರಾದಲ್ಲಿ ಅಧಿಕಾರದ ಜಗಳ ಜನರನ್ನು ಹೇಗೆ ಸೀಳಿತ್ತೆಂದು ಕಣ್ಣಾರೆ ಕಂಡವರು ಅವರು. ನಿರಾಕರಿಸಲು ವಿನಯವೊಂದೇ ಕಾರಣವಾಗಿರಲಿಕ್ಕಿಲ್ಲ ಎಂದು ನಮಗನಿಸುತ್ತದೆ.

1707ರಲ್ಲಿ ಅರಸ ತೀರಿಕೊಂಡು ಅವನ ಮಗ ವೀರ ನರೇಂದ್ರ ಸಿಂಹ ಪಟ್ಟಕ್ಕೆ ಬಂದ. ಅವನೂ ಗುರುಗಳಿಗೆ ಸ್ನೇಹಿತನಾಗಿಯೇ ಇದ್ದ. ಆದರೆ ಜೋಸೆಫ್ ವಾಜ್ ಅವರ ದೇಹ ಸೋತಿತ್ತು. 1710ರಲ್ಲಿ ಪುನಃ ಒಂದು ಪ್ರವಾಸಕ್ಕೆ ಹೊರಟವರು ದಾರಿಯಲ್ಲಿ ಕಾಯಿಲೆ ಬಿದ್ದರು. ಹೊತ್ತು ತಂದು ಕ್ಯಾಂಡಿಗೆ ಮುಟ್ಟಿಸಬೇಕಾಯಿತು. ಮತ್ತೆ ಏಳಲಿಲ್ಲ. ಗೋವಾ ಬಿಟ್ಟು 24 ವರ್ಷಗಳ ಮೇಲಾಗಿತ್ತು. ಅಷ್ಟು ಕಾಲದಲ್ಲಿ ಒಮ್ಮೆಯೂ ಅವರು ಊರಿಗೆ ಹಿಂದಿರುಗಿರಲಿಲ್ಲ. 1711ರ ಜನವರಿ 16ರಂದು, 59ನೇ ವಯಸ್ಸಿನಲ್ಲಿ, ಕ್ಯಾಂಡಿಯಲ್ಲೇ ಪ್ರಾಣ ಬಿಟ್ಟರು.

ಡಚ್ಚರ ಆಡಳಿತ ಆಮೇಲೂ 85 ವರ್ಷ ನಡೆಯಿತು. ಗೋವಾದ ಓರೆಟರಿಯ ಗುರುಗಳು ಅಷ್ಟೂ ಕಾಲ ಆ ದ್ವೀಪದ ಜನರನ್ನು ಕೈಬಿಡಲಿಲ್ಲ. 1995ರ ಜನವರಿ 21ರಂದು ಪೋಪ್ ಎರಡನೇ ಜಾನ್ ಪಾವ್ಲ್ ಕೊಲಂಬೊದಲ್ಲಿ ಜೋಸೆಫ್ ವಾಜ್ ಅವರನ್ನು ಪುನೀತರೆಂದು ಸಾರಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅದೇ ನಗರದ ಗಾಲ್ ಫೇಸ್ ಮೈದಾನದಲ್ಲಿ ಲಕ್ಷಾಂತರ ಜನರ ಮುಂದೆ ಸಂತ ಪದವಿಗೇರಿಸಿದರು. 1656ರಲ್ಲಿ ಡಚ್ಚರು ಗೆದ್ದುಕೊಂಡ, ಜೋಸೆಫ್ ವಾಜ್ ವೇಷ ಮರೆಸಿಕೊಂಡು ಹೊಕ್ಕಿದ್ದ ಕೊಲಂಬೊ ಅದು. ಅಂದು ನಮ್ಮ ಮಂಗಳೂರು, ಉಡುಪಿ ಕಡೆಯ ಬಹಳ ಮನೆಗಳಲ್ಲಿ ಟಿವಿಯ ಮುಂದೆ ಅಜ್ಜಿಯರು ಜಪಸರ ಹಿಡಿದು ಕುಳಿತಿದ್ದರು.